ಶೆರೀಫನ ಹೆಗಲು

ವೇಲ್ಸ್ ನಾಡಿನ ಉತ್ತರದ ಬೆಟ್ಟಸಾಲಿನಲ್ಲಿ, ಎರಡು ಕಣಿವೆಗಳನ್ನು ಕೂಡಿಸುವ ಕಾಲುದಾರಿಯ ನೆತ್ತಿಯ ಮೇಲೆ, ಮಂಚದಷ್ಟು ಅಗಲದ ಚಪ್ಪಟೆ ಬಂಡೆಯೊಂದಿದೆ. ಸುತ್ತ ಕುರಿ ಮೇಯ್ದು ಉಳಿದ ಮೋಟು ಹುಲ್ಲು, ಮರವೆಂಬುದಿಲ್ಲ. ಆ ಜಾಗವನ್ನು ಅಲ್ಲಿನವರು ತಮ್ಮ ಮಾತಿನಲ್ಲಿ ‘ಶೆರೀಫನ ಹೆಗಲು’ ಎಂದು ಕರೆಯುತ್ತಾರೆ. ಬೆಟ್ಟದ ಏಣು ಒಂದು ಮಗ್ಗುಲಿಗೆ ತಗ್ಗಿರುವುದರಿಂದ ಆ ಹೆಸರು ಬಂತೆಂದು ಪ್ರವಾಸಿಗರು ತಾವೇ ತೀರ್ಮಾನಿಸಿಕೊಂಡು ಇಳಿದು ಹೋಗುತ್ತಾರೆ. ವಿಚಾರಿಸದೆ ತೀರ್ಮಾನಿಸುವವರ ಪಾಡೇ ಅಷ್ಟು. ಊರಿನ ಹಿರಿಯರು ಹೇಳುವುದು ಬೇರೆ.

ಹೊಲಮನೆಗಳೆಲ್ಲ ಒಂದು ಕಣಿವೆಯಲ್ಲಿ, ಇಗರ್ಜಿಯೂ ಸ್ಮಶಾನವೂ ಇನ್ನೊಂದರಲ್ಲಿ. ಹೀಗಾಗಿ ಸತ್ತವರನ್ನೆಲ್ಲ ಈ ದಾರಿಯಲ್ಲೇ ಹೊತ್ತು ತರಬೇಕಾಗಿತ್ತು. ಬಂಡೆಯ ಮೇಲೆ ಚಟ್ಟ ಇಳಿಸಿ, ಪ್ರಾರ್ಥನೆ ಹೇಳಿ, ಹೆಗಲು ಬದಲಿಸಿ ಮುಂದೆ ನಡೆಯುವುದು ವಾಡಿಕೆ. ದಾರಿಯಲ್ಲಿ ಹೆಣ ಎದುರಾದರೆ, ಬರುವವನು ಜಮೀನ್ದಾರನಾಗಲಿ ತಿರುಕನಾಗಲಿ, ಕುದುರೆಯಿದ್ದರೆ ಇಳಿದು, ಹಿಂದಿರುಗಿ ಬಂಡೆಯವರೆಗೆ ಹೆಗಲು ಕೊಡಲೇಬೇಕು.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮೇರಿಕ್ ಅನ್ವಿಲ್ ಎಂಬವನು ಆ ಜಿಲ್ಲೆಯ ಶೆರೀಫನಾಗಿದ್ದನಂತೆ. ಪಾರ್ಲಿಮೆಂಟಿನ ಚುನಾವಣೆ ನಡೆಸಿ, ಗೆದ್ದವನ ಹೆಸರಿಗೆ ಮುದ್ರೆ ಒತ್ತುವವನು ಶೆರೀಫನೇ. ಗುಟ್ಟಿನ ಮತದಾನ ಆಗ ಇರಲಿಲ್ಲ. ಜಮೀನುಳ್ಳವನು ಕಟ್ಟೆ ಹತ್ತಿ, ಮೊದಲು ತನ್ನ ಹೆಸರನ್ನು, ಆಮೇಲೆ ತನಗೆ ಬೇಕಾದವನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆ ಸಲ ಕಣದಲ್ಲಿದ್ದವರು ಇಬ್ಬರು: ಹಿರಿಯ ಜಮೀನ್ದಾರ ಕ್ಯಾಡ್ವಾಲಡರ್ ಮತ್ತು ಮೇರಿಕ್‌ನ ಹೆಂಡತಿಯ ಅಣ್ಣ ಓವೆನ್. ಅಣ್ಣ ಸೋತರೆ ತವರಿನ ಬಾಗಿಲು ತನಗೆ ಮುಚ್ಚಿದಂತೆಯೇ ಎಂದು ಹೆಂಡತಿ ಲೌರಿ ಕಣ್ಣೀರು ಹಾಕಿದ್ದಳು. ಕೊನೆಯ ದಿನ ಓವೆನ್‌ನ ಕಡೆ ಮತ ಸ್ವಲ್ಪ ಕಡಿಮೆ ಬಿದ್ದಾಗ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಒಬ್ಬ ಕಟ್ಟೆ ಹತ್ತಿ, “ಮೇಲ್ಕಣಿವೆಯ ಇಥೆಲ್. ನನ್ನ ಮತ ಓವೆನ್‌ಗೆ,” ಎಂದ. ಇಥೆಲ್‌ನ ಚಟ್ಟಕ್ಕೆ ಕಳೆದ ಚಳಿಗಾಲದಲ್ಲಿ ಮೇರಿಕ್ ತಾನೇ ಹೆಗಲು ಕೊಟ್ಟಿದ್ದ. ಶೆರೀಫನಾಗುವಾಗ ಬೈಬಲ್ ಮುಟ್ಟಿ ಪ್ರಮಾಣ ಮಾಡಿದ್ದ ಮೇರಿಕ್ ಈಗ ಉಗುರು ನೋಡಿಕೊಳ್ಳುತ್ತ, “ಬರೆದುಕೋ,” ಎಂದು ಗುಮಾಸ್ತನಿಗೆ ಹೇಳಿದ. ಇಥೆಲ್‌ನ ಹಿಂದೆಯೇ ಇನ್ನೂ ಕೆಲವು ಸತ್ತವರು ಕಟ್ಟೆ ಹತ್ತಿದರು. ಬೆಳಗ್ಗೆ ಮುದ್ರೆ ಒತ್ತುವುದೊಂದೇ ಬಾಕಿ ಉಳಿಯಿತು.

ಅಂದು ಸಂಜೆಗೆ ಮುನ್ನ ಶೆರೀಫ ಪಟ್ಟಣದಿಂದ, ಇಗರ್ಜಿಯ ಕಣಿವೆಯಲ್ಲಿದ್ದ ತನ್ನ ಮನೆಯ ಕಡೆಗೆ ಬೆಟ್ಟ ಹತ್ತಿದ. ಜೊತೆಗಿದ್ದವನು ಹಳೆಯ ಕುದುರೆಯಾಳು ಡೈಕಿನ್. ಅವನ ಬಾಯಿಗೆ ಬೀಗವಿರಲಿಲ್ಲ.

“ಇಥೆಲ್ ಇವತ್ತು ಮೈಕೈ ತುಂಬಿಕೊಂಡಿದ್ದ, ಒಡೆಯರೆ. ಮಣ್ಣು ಅವನಿಗೆ ಚೆನ್ನಾಗಿ ಹಿಡಿಸಿದೆ.”

“ನಿನ್ನ ಕೆಲಸ ಕುದುರೆ ನೋಡಿಕೊಳ್ಳೋದು ಕಣೋ.”

“ಅದಕ್ಕೇ ಹೇಳಿದೆ. ಕುದುರೆಗೂ ಅವನ ಗುರುತು ಸಿಗಲಿಲ್ಲ.”

ನೆತ್ತಿ ಹತ್ತಿರವಾಗುತ್ತಿದ್ದಂತೆ ಮಂಜು ಕವಿಯಿತು. ಎದುರಿನಿಂದ ಜನ ಇಳಿದು ಬರುತ್ತಿದ್ದರು; ಕಪ್ಪು ಬಟ್ಟೆ, ಬಗ್ಗಿದ ತಲೆ, ನಡುವೆ ಒಂದು ಚಟ್ಟ. ಕಲ್ಲುದಾರಿಯಾದರೂ ಹೆಜ್ಜೆಯ ಸದ್ದಿರಲಿಲ್ಲ. ಹೆಣಗಳು ಏರಿ ಹೋಗುವ ದಾರಿಯಲ್ಲಿ ಇವರು ಸ್ಮಶಾನದ ಕಡೆಯಿಂದ ಬರುತ್ತಿದ್ದಾರಲ್ಲ ಎಂದು ಹೊಳೆಯುವ ಮೊದಲೇ, ಹುಟ್ಟಿದಂದಿನಿಂದ ಬಂದ ರೂಢಿ ಮೇರಿಕ್‌ನನ್ನು ಕುದುರೆಯಿಂದ ಇಳಿಸಿತು.

“ಯಾಕೆ ಇಳಿದಿರಿ?”

“ಕಣ್ಣು ಕಾಣಿಸಲ್ಲವೇನೋ? ಟೋಪಿ ತೆಗಿ.”

“ದಾರಿ ಖಾಲಿ ಇದೆ, ಒಡೆಯರೆ,” ಎಂದ ಡೈಕಿನ್. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಚಟ್ಟದ ಹಿಂದಿನ ಎಡಮೂಲೆಗೆ ಆಳಿರಲಿಲ್ಲ. ಮೇರಿಕ್ ಅಲ್ಲಿ ಬಲಹೆಗಲಿಟ್ಟ. ಮೆರವಣಿಗೆ ಹಿಂದಿರುಗಿ ಬಂಡೆಯತ್ತ ಏರತೊಡಗಿತು. ಮೊದಲು ಭಾರವೇ ಗೊತ್ತಾಗಲಿಲ್ಲ. ಪಿಸುಮಾತಿನಲ್ಲಿ, “ಯಾರು ಹೋದದ್ದು?” ಎಂದು ಕೇಳಿದ.

“ಇನ್ನೂ ಹೋಗಿಲ್ಲ,” ಎಂದು ಮುಂದಿದ್ದವನು ಹೊರಳಿ ನೋಡಿದ. ಅದು ಇಥೆಲ್‌ನ ಮುಖ. “ನಾನು ಇವತ್ತು ಯಾರ ಹೆಸರು ಹೇಳಿದೆ, ಒಡೆಯರೆ? ನನಗೆ ಕೇಳಿಸಲಿಲ್ಲ.”

ಮೇರಿಕ್ ತಲೆ ತಗ್ಗಿಸಿ ನಡೆದ. ಹೆಗಲಿನ ಮೇಲೆ ಭಾರ ಏರಿತು. ಬಂಡೆ ಬಂತು, ಯಾರೂ ಚಟ್ಟ ಇಳಿಸಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಅದನ್ನೇ ಕೇಳಿದರು, ಸಿಟ್ಟಿಲ್ಲದೆ, ಸಂತೆಯಲ್ಲಿ ಕುರಿಯ ಬೆಲೆ ವಿಚಾರಿಸಿದಂತೆ. ಮೊಣಕಾಲು ನೆಲಕ್ಕೆ ತಾಕಿದ ಮೇಲೆ ಅವನು ಬಾಯಿಬಿಟ್ಟ:

“ನೀವು ಹೇಳಲಿಲ್ಲ. ನಿಮ್ಮ ಹೆಸರಿನಲ್ಲಿ ನಾನು ಹೇಳಿಸಿದೆ.”

ಡೈಕಿನ್‌ಗೆ ಕಂಡದ್ದು ಇಷ್ಟೇ: ಒಡೆಯರು ಬರಿಗಾಳಿಗೆ ಹೆಗಲು ಕೊಟ್ಟು, ಕುಸಿದು, ಬಂಡೆಯ ಮೇಲೆ ಏನನ್ನೋ ಮೆಲ್ಲನೆ ಇಳಿಸಿದರು. ಆಮೇಲೆ ಮನೆಗೆ ಹೋಗದೆ ಪಟ್ಟಣಕ್ಕೇ ತಿರುಗಿದರು.

ಬೆಳಗ್ಗೆ ಶೆರೀಫ ಸತ್ತವರ ಮತಗಳನ್ನು ಕಳೆದು, ಕ್ಯಾಡ್ವಾಲಡರ್‌ನ ಹೆಸರಿಗೆ ಮುದ್ರೆ ಒತ್ತಿದ. ಓವೆನ್ ತಂಗಿಯ ಮುಖವನ್ನು ಮತ್ತೆ ನೋಡಲಿಲ್ಲ. ಲೌರಿ ಗಂಡನ ಜೊತೆ ಒಂದೇ ಮೇಜಿನಲ್ಲಿ ಉಂಡರೂ ಮಾತು ಬಿಟ್ಟಳು ಎನ್ನುತ್ತಾರೆ. ತಗ್ಗಿದ ಬಲಹೆಗಲು ಅವನು ಸಾಯುವವರೆಗೂ ಮೇಲೇಳಲಿಲ್ಲ. ಅದಕ್ಕೆ ಸರಿಯಾಗಿ ಅಂಗಿ ಹೊಲಿಯಲು ದರ್ಜಿಗಳು ಹೆಣಗುತ್ತಿದ್ದರಂತೆ.

ಈಗ ಸತ್ತವರು ಮೋಟಾರಿನಲ್ಲಿ, ಬೇರೆ ರಸ್ತೆಯಲ್ಲಿ ಹೋಗುತ್ತಾರೆ. ಬಂಡೆಯ ಮೇಲೆ ಪಾಚಿ ಹಬ್ಬಿದೆ. ಕುರಿಗಳು ಅದರ ಮಗ್ಗುಲಲ್ಲಿ ಮಲಗುತ್ತವೆ. ಆದರೆ ಅಲ್ಲಿಗೆ ಹೋದವರು ಒಂದು ವಿಚಿತ್ರವನ್ನು ಗಮನಿಸಬಹುದು. ಆ ಕಣಿವೆಯ ಮನುಷ್ಯ ಒಂಟಿಯಾಗಿ ದಾಟುವಾಗ ಬಂಡೆಯ ಬಳಿ ಒಂದು ಗಳಿಗೆ ನಿಂತು, ತನ್ನ ಹೆಸರನ್ನು ಬೇರೆಯವರು ಹೇಳದಿರಲೆಂದು ತಾನೇ ಗಟ್ಟಿಯಾಗಿ ಹೇಳುತ್ತಾನೆ. ಮಂಜು ಕವಿದ ದಿನವಾದರೆ, ಹೇಳಿದವನು ಅಲ್ಲಿ ನಿಲ್ಲುವುದಿಲ್ಲ. ಆ ಹೆಸರನ್ನು ಮಂಜಿನೊಳಗಿಂದ ಮತ್ತೊಬ್ಬರು ಹೇಳುವುದು ಕಿವಿಗೆ ಬೀಳುವ ಮೊದಲೇ ಇಳಿಜಾರು ಹಿಡಿದಿರುತ್ತಾನೆ.