ಮೂರು ಗೀಟು ಕಡಿಮೆ

ಡಿಸೆಂಬರ್ ಒಂಬತ್ತು, ಸೋಮವಾರ. ಬೆಳಗಿನಿಂದ ಮಂಜು, ಹತ್ತು ಗಂಟೆಯಾದರೂ ಬಿಸಿಲಿಲ್ಲ.

ಶೇಷಾಚಾರ್ಯರ ಬಳಿ ಆರು ವರ್ಷ ಲೇತ್ ಕೆಲಸ ಕಲಿತ ಮೌನೇಶ ಸ್ವಂತ ಶೆಡ್ ಹಾಕುವವನಿದ್ದ. ಅಂದು ಅವನು ಕೇಳಿದ: "ಗುರುಗಳೇ, ದುಬಾರಿ ಮೈಕ್ರೊಮೀಟರ್ ಕೊಳ್ಳುವ ಶಕ್ತಿ ನನಗಿಲ್ಲ. ಅಗ್ಗದ್ದನ್ನೇ ಕೊಳ್ಳಬೇಕು. ಅದರಲ್ಲಿ ಯಾವುದು ನಿಜ ಹೇಳುತ್ತದೆ, ಯಾವುದು ಸುಳ್ಳು ಹೇಳುತ್ತದೆ ಎಂದು ಹೇಗೆ ತಿಳಿಯುವುದು?"

ಆಚಾರ್ಯರು ಕೈ ಒರೆಸಿಕೊಂಡು ಕೂತರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಲೇತ್ ಕೆಲಸಗಾರನಿದ್ದ. ಅವನಿಗೊಬ್ಬ ತಮ್ಮ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಪಂಪಿನ ಶಾಫ್ಟುಗಳನ್ನು ಮಾಡುತ್ತಿದ್ದರು. ತಮ್ಮ ಮಾಡಿದ್ದನ್ನು ಅಣ್ಣ ಅಳೆದು ನೋಡಿದ ಮೇಲೆಯೇ ಹೊರಗೆ ಕಳಿಸುವುದು ರೂಢಿ.

ಅಣ್ಣನ ಬಳಿ ಒಂದು ಉಕ್ಕಿನ ತುಂಡಿತ್ತು. ಸರಿಯಾಗಿ ಐವತ್ತು ಮಿಲಿಮೀಟರ್. ಅವನ ಗುರು ಸಾಯುವ ಮುಂಚೆ ಕೊಟ್ಟದ್ದು. ಶಾಫ್ಟಿನ ದಪ್ಪ ಅಳೆಯುವ ದೊಡ್ಡ ಮೈಕ್ರೊಮೀಟರಿನ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಅಳತೆ ಗೊತ್ತಿರುವ ತುಂಡೊಂದನ್ನು ಅದಕ್ಕೆ ಹಿಡಿಸಿ ಗೀಟು ಹೊಂದಿಸಬೇಕು. ಅಣ್ಣ ಗುರುವಿನ ತುಂಡಿನಿಂದಲೇ ಹೊಂದಿಸುತ್ತಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದನ್ನು ನಯವಾದ ಪಾಲಿಶ್ ಕಾಗದದಿಂದ ಉಜ್ಜಿ, ಮುಖ ಕಾಣುವಂತೆ ಮಾಡಿ, ಕುಂಕುಮವಿಟ್ಟು, ಎಲ್ಲ ಉಪಕರಣಗಳಿಗಿಂತ ಮೇಲೆ ಇಡುತ್ತಿದ್ದ.

ಒಮ್ಮೆ ತಮ್ಮ ಅಗ್ಗದ ಮೈಕ್ರೊಮೀಟರೊಂದನ್ನು ಕೊಂಡು ತಂದ. ಹೊಂದಿಸುವ ತುಂಡು ಅದರ ಡಬ್ಬಿಯಲ್ಲೇ ಇತ್ತು. ಗುರುವಿನ ತುಂಡನ್ನು ಅದರಲ್ಲಿ ಹಿಡಿದು ನೋಡಿ, ಮೂರು ಗೀಟು ಕಡಿಮೆ ಬರುತ್ತಿದೆ ಅಣ್ಣ, ಎಂದ. ಗೀಟೆಂದರೆ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು. ಅಣ್ಣ ನಕ್ಕ. ಬದನೆಕಾಯಿ ಬೆಲೆಗೆ ಬಂದದ್ದು ಬದನೆಕಾಯಿಯನ್ನೇ ಅಳೆಯಲಿ ಎಂದ.

ಅಂದಿನಿಂದ ತಮ್ಮ ಮಾಡಿದ ಪ್ರತಿ ಶಾಫ್ಟೂ ಅಣ್ಣನ ಅಳತೆಗೆ ಮೂರು ಗೀಟು ದಪ್ಪ. ಅಣ್ಣ ಅದನ್ನು ಮತ್ತೆ ಲೇತಿಗೆ ಕಟ್ಟಿ ಮೂರು ಗೀಟು ಇಳಿಸಿ ಕಳಿಸುತ್ತಿದ್ದ. ಹೋದವು ಬೇರಿಂಗಿನಲ್ಲಿ ಸಡಿಲವೆಂದು ಹಿಂದಿರುಗಿ ಬಂದವು. ಅಣ್ಣ ತಮ್ಮನನ್ನೇ ದೂರಿದ, ಕೆಲಸದವರ ಎದುರಿಗೂ ದೂರಿದ. ಮೂರನೆಯ ಸಲ ಹಾಗಾದಾಗ ತಮ್ಮ ತನ್ನ ಲೇತನ್ನು ಎತ್ತಿಸಿಕೊಂಡು ಬೇರೆ ಬೀದಿಗೆ ಹೋದ.

ಅಣ್ಣನ ಶಾಫ್ಟುಗಳು ಹಿಂದಿರುಗುವುದು ಆಮೇಲೂ ನಿಲ್ಲಲಿಲ್ಲ. ಇನ್ನೊಮ್ಮೆ ಹೀಗಾದರೆ ಕೆಲಸ ಕೊಡುವುದಿಲ್ಲವೆಂದು ಪಂಪಿನವರು ಹೇಳಿ ಕಳಿಸಿದರು. ಆ ಕೆಲಸ ಹೋದರೆ ಶೆಡ್ ಮುಚ್ಚಬೇಕು. ತನ್ನ ಮೈಕ್ರೊಮೀಟರಿಗೆ ವಯಸ್ಸಾಯಿತು ಎಂದುಕೊಂಡ ಅಣ್ಣ, ಗುರುವಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು, ಹೊಸದನ್ನು ಕೊಳ್ಳಲು ಪಟ್ಟಣಕ್ಕೆ ಹೋದ.

ಅಂದೂ ಇಂಥದೇ ಮಂಜು. ಉಪಕರಣದ ಬೀದಿಯಲ್ಲಿ ಮೊದಲನೆಯ ಅಂಗಡಿಗೆ ಹೋಗಿ ಒಂದು ಅಗ್ಗದ ಮೈಕ್ರೊಮೀಟರಿಗೆ ತುಂಡನ್ನು ಹಿಡಿಸಿದ. ಮೂರು ಗೀಟು ಕಡಿಮೆ. ಪಕ್ಕದ ಅಂಗಡಿಯಲ್ಲೂ ಮೂರು ಗೀಟು. ತಾನು ಕೊಳ್ಳಲಾಗದ ದುಬಾರಿಯದನ್ನು ಸುಮ್ಮನೆ ತೆಗೆಸಿ ನೋಡಿದ. ಅದೂ ಮೂರು. ಒಂದು ಅಂಗಡಿ ಮಂಜಿನಲ್ಲಿ ಮರೆಯಾದರೆ ಇನ್ನೊಂದು ಎದುರಾಗುತ್ತಿತ್ತು, ಬೀದಿ ಮುಗಿಯುತ್ತಲೇ ಇರಲಿಲ್ಲ. ತಾನು ನಿದ್ದೆಯಲ್ಲಿ ನಡೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ತನಗೆ ತಿಳಿಯದ ಹಾಗೆ ಲೋಕವೆಲ್ಲ ಮೂರು ಗೀಟು ಬೆಳೆದುಬಿಟ್ಟಿದೆಯೇ ಎಂದೂ ಅನ್ನಿಸಿತು.

ಕೊನೆಯ ಅಂಗಡಿಯಲ್ಲಿ ಒಬ್ಬ ಮುದುಕ ವ್ಯಾಪಾರಿ ಕೂತಿದ್ದ. ಅಲ್ಲಿಯೂ ಅಷ್ಟೇ ಬಂತು.

"ನಿಮ್ಮ ಬೀದಿಯಲ್ಲಿ ನಿಜ ಹೇಳುವುದು ಒಂದೂ ಇಲ್ಲ," ಎಂದ ಅಣ್ಣ.

"ಯಜಮಾನರೇ, ಸುಳ್ಳು ಹೇಳುವವರು ಒಬ್ಬೊಬ್ಬರು ಒಂದೊಂದು ಸುಳ್ಳು ಹೇಳುತ್ತಾರೆ," ಎಂದ ವ್ಯಾಪಾರಿ. "ಇಷ್ಟು ಬಾಯಿ ಸೇರಿ ಒಂದೇ ಸುಳ್ಳು ಹೇಳುವುದನ್ನು ನಾನಂತೂ ಕಂಡಿಲ್ಲ. ಈ ತುಂಡನ್ನು ಇಷ್ಟು ಚೆನ್ನಾಗಿ ಹೊಳೆಯಿಸಿದವರು ಯಾರು?"

"ನಾನೇ. ಮೂವತ್ತೊಂದು ಆಯುಧಪೂಜೆಯಿಂದ ಒಂದನ್ನೂ ತಪ್ಪಿಸಿಲ್ಲ."

ವ್ಯಾಪಾರಿ ತುಂಡನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ. ವರ್ಷವರ್ಷ ಉಜ್ಜಿ ಸವೆಸಿದ ಎರಡು ತುದಿಗಳನ್ನು ಅಣ್ಣ ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ತಾನು ಇಳಿಸಿ ಕೆಡಿಸಿದ ಶಾಫ್ಟುಗಳೆಲ್ಲ ನೆನಪಾದವು. ಅವು ತಮ್ಮನ ಕೈಯಲ್ಲಿ ಸರಿಯಾಗಿಯೇ ಇದ್ದವು.

ಆಚಾರ್ಯರು ಇಲ್ಲಿಗೆ ನಿಲ್ಲಿಸಿದರು.

ಮೌನೇಶನಿಗೆ ಅರ್ಥವಾಯಿತು. ಒಂದನ್ನು ಒಂದರಿಂದಲೇ ಪರೀಕ್ಷಿಸಬಾರದು, ಹಲವನ್ನು ಹಿಡಿದು ನೋಡಬೇಕು, ಕೈಯಲ್ಲಿರುವ ತುಂಡನ್ನೂ ಸೇರಿಸಿ, ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆದರೂ ಕೊಳ್ಳುವ ಚಿಂತೆ ಅವನನ್ನು ಬಿಟ್ಟಿರಲಿಲ್ಲ.

"ಹಾಗಾದರೆ ಆ ಅಣ್ಣ ಕೊನೆಗೆ ಯಾವುದನ್ನು ಕೊಂಡ, ಗುರುಗಳೇ? ಎಷ್ಟು ಕೊಟ್ಟ?"

"ಕೊಳ್ಳಲಿಲ್ಲ, ತಮ್ಮನ ಶೆಡ್ಡಿಗೆ ಹೋಗಿ ಕೆಲಸಕ್ಕೆ ನಿಂತ, ಅಂದಿನಿಂದ ತಾನು ಮಾಡಿದ ಪ್ರತಿ ಶಾಫ್ಟನ್ನೂ ಅಳೆಯಲು ತಮ್ಮನ ಕೈಗೆ ಕೊಟ್ಟ."