ದರ್ಜಿಯ ನವಾರು

ಯುದ್ಧ ನಡೆಯುತ್ತಿದ್ದ ಕಾಲ. ಬೆಟ್ಟದ ಮೇಲಿನ ಠಾಣೆಗೆ ಬರುತ್ತಿದ್ದುದು ಒಂದೇ ಹೆಲಿಕಾಪ್ಟರ್. ಅದರ ಸ್ಟ್ರೆಚರಿನ ಬಟ್ಟೆಯೂ ಸೀಟಿನ ಬೆಲ್ಟೂ ಹರಿದು ಎಷ್ಟೋ ದಿನವಾಗಿತ್ತು. ಹೊಸದು ಬರುವ ತನಕ ಗಾಯಾಳುಗಳು ಕಾಯುತ್ತಾರೆಯೇ? ಪಡೆಯ ದರ್ಜಿ ತನ್ನ ಮಂಚದ ನವಾರು ಪಟ್ಟಿ ಬಿಚ್ಚಿ ಎರಡನ್ನೂ ಹೊಲಿದುಕೊಟ್ಟ. ತಾನು ನೆಲದ ಮೇಲೆ ಮಲಗಿದ.

ಒಂದು ಬೆಳಿಗ್ಗೆ ಅದೇ ಹೆಲಿಕಾಪ್ಟರಿನಲ್ಲಿ ಮೇಜರ್ ಸಾಹೇಬರೊಬ್ಬರು ತಪಾಸಣೆಗೆ ಬಂದಿಳಿದರು. ಬಲಭುಜಕ್ಕೆ ಗುಂಡೇಟು ತಿಂದ ಹವಾಲ್ದಾರ್ ಮುದ್ದಯ್ಯನನ್ನು ಆಗಷ್ಟೇ ಸ್ಟ್ರೆಚರಿನ ಮೇಲೆ ಮಲಗಿಸುತ್ತಿದ್ದರು.

“ಇದೇನಿದು, ಮಂಚದ ಪಟ್ಟಿ? ಸರ್ಕಾರದ ಮುದ್ರೆ ಎಲ್ಲಿ? ಮುದ್ರೆ ಇಲ್ಲದ್ದನ್ನೆಲ್ಲ ಈಗಲೇ ಕಿತ್ತು ಬಿಸಾಡಿ!” ಎಂದರು ಸಾಹೇಬರು.

ದರ್ಜಿ ಕತ್ತರಿ ಹಿಡಿದು ನೇರವಾಗಿ ಸಾಹೇಬರ ಸೀಟಿನ ಹತ್ತಿರ ಹೋದ.

“ಅಲ್ಲೇನಯ್ಯ ಮಾಡ್ತೀಯ?”

“ತಮ್ಮ ಅಪ್ಪಣೆ ಸಾಹೇಬ್ರೆ. ಬರುವಾಗ ತಾವು ಬಿಗಿಯಾಗಿ ಕಟ್ಕೊಂಡು ಬಂದ್ರಲ್ಲ, ಆ ಬೆಲ್ಟೂ ಇದೇ ನವಾರು. ಅದಕ್ಕೂ ಮುದ್ರೆ ಇಲ್ಲ. ಹೋಗುವಾಗ ಸೀಟನ್ನ ಗಟ್ಟಿಯಾಗಿ ಹಿಡ್ಕೊಳ್ಳಿ.”

ಸಾಹೇಬರು ಬಾಗಿಲಿಲ್ಲದ ಹೆಲಿಕಾಪ್ಟರನ್ನು ನೋಡಿದರು. ಕೆಳಗಿನ ಕಣಿವೆಯನ್ನು ನೋಡಿದರು.

“ಕತ್ತರಿ ಒಳಗಿಡಪ್ಪ,” ಎಂದರು. “ಮೊದಲು ಅವನನ್ನ ಮಲಗಿಸಿ.”

ಹದಿನೈದು ದಿನ ಕಳೆದ ಮೇಲೆ ಠಾಣೆಗೆ ಹೊಸ ಮಂಚವೊಂದು ಬಂತು. ನಾಲ್ಕು ಕಾಲಿಗೂ ಮುದ್ರೆ. ಜೊತೆಗೊಂದು ಚೀಟಿ: “ದರ್ಜಿಗೆ. ಮಲಗುವುದಕ್ಕೆ ಮಾತ್ರ. ಇದನ್ನು ಬಿಚ್ಚಕೂಡದು.”

ಕೆಳಗೆ ಎರಡು ಸಹಿ. ಒಂದು ಸಾಹೇಬರದು. ಇನ್ನೊಂದು, ಆಸ್ಪತ್ರೆಯಲ್ಲಿ ಎದ್ದು ಕೂತು ಎಡಗೈಯಲ್ಲಿ ಗೀಚಿದ ಮುದ್ದಯ್ಯನದು.