ಮಾವ ಕೈ ಎತ್ತೋಗಂಟ

ಕೂತ್ಕೊಳ್ಳಿ. ನಡುವೆ ಎದ್ದು ಹೋಗೋರಿದ್ರೆ ಈಗ್ಲೇ ಹೊಂಟೋಗಿ. ಆಮೇಲೆ ಬಂದು ಏನಾಯ್ತು ಏನಾಯ್ತು ಅಂದ್ರೆ ತಿರುಗಿ ಹೇಳೋ ಪೈಕಿ ನಾನಲ್ಲ.

ಒಬ್ಳು ತಾಯಿ, ಅವಳಿಗೊಬ್ಬ ಮಗ. ತಾಯಿ ಚಿಕ್ಕತಾಯಿ, ಮಗ ಕೆಂಡಗಣ್ಣ. ಆಳು ತೆಂಗಿನ ಮರದಂಗೆ ಬೆಳೆದಿದ್ದ, ಬುದ್ಧಿ ಮಾತ್ರ ನೆಲ ಬಿಟ್ಟು ಮೇಲೆದ್ದಿರ್ಲಿಲ್ಲ. ಹೇಳಿದ್ದು ಹೇಳಿದಂಗೇ ಮಾಡೋನು. ಅದೇ ಅವನ ರೋಗ.

ಅವರಪ್ಪ ತಮಟೆಗಾರ. ಅವನು ಬಡಿದ್ರೆ ಸುತ್ತಮುತ್ತಲ ಊರಿನ ದನ ಮೇವು ಬಿಟ್ಟು ತಲೆ ಎತ್ತೋವು. ಅವನು ಸತ್ತಮೇಲೆ ತಮಟೆ ಗೂಟ ಸೇರ್ತು. ಅದರ ಸದ್ದು ಇನ್ನೊಂದ್ಸಲ ಕೇಳಬೇಕು, ಅದೂ ಮಗನ ಕೈಲಿ ಕೇಳಬೇಕು, ಅನ್ನೋದೊಂದೇ ಆಸೆ ಚಿಕ್ಕತಾಯಿಗೆ.

ಆ ವರ್ಷ ಪಟ್ಟಣದ ಮೈದಾನದಲ್ಲಿ ದೊಡ್ಡ ಕಬಡ್ಡಿ ಪಂದ್ಯ. ಹಾಫ್‌ಟೈಮಲ್ಲಿ ಆಟಗಾರರು ಹೊರಗೆ ಕೂತು ನೀರು ಕುಡಿಯೋ ಹೊತ್ತಿಗೆ ಅಂಗಳಕ್ಕಿಳಿದು ತಮಟೆ ಬಡಿಯೋದು, ಆ ಕೆಲಸ ಅವಳಣ್ಣ ಚೆಲುವಯ್ಯನ ಮೇಳಕ್ಕೆ ಸಿಕ್ತು.

"ಇವನ್ನೂ ಸೇರಿಸ್ಕೊ ಅಣ್ಣ. ಕೈ ಅವರಪ್ಪಂದೇ."

"ಕೈ ಅವರಪ್ಪಂದು ಸರಿ. ತಲೆ ಯಾರ್ದವ್ವ?"

"ಸೋದರಮಾವಂದೇ ಇರಬೇಕು," ಅಂದ್ಳು ಚಿಕ್ಕತಾಯಿ.

ಚೆಲುವಯ್ಯ ಮೀಸೆ ಕಡಿದ. "ಆಗ್ಲಿ. ಆದ್ರೆ ಅಷ್ಟು ಜನದ ಮುಂದೆ ಮಾನ ಕಳೆದ್ನೋ, ಭಾವನ ತಮಟೆ ಬೇರೆಯವನ ಹೆಗಲಿಗೆ ಹಾಕ್ತೀನಿ. ಆಮೇಲೆ ಅಳಬೇಡ."

ಮೊದಲ್ನೇ ಪಂದ್ಯದ ದಿನ ಮಾವ ಹೇಳ್ದ, "ಚರ್ಮ ತಣ್ಣಗಿದ್ರೆ ಸದ್ದು ಏಳಲ್ಲ. ತಮಟೆ ಬೆಚ್ಚಗೆ ಮಾಡ್ಕೊಂಡು ಬಾರ್ಲಾ."

ಕೆಂಡಗಣ್ಣ ತಮಟೆಗೆ ಕಂಬಳಿ ಸುತ್ತಿ, ಹಸುಗೂಸಿನಂಗೆ ಎದೆಗಪ್ಪಿ ತಂದ. ಬಡಿದ್ರೆ ನೆಂದ ಗೋಣಿಚೀಲದಂಗೆ ದಬ್ ಅಂತು.

"ಬೆಂಕಿಗೆ ಹಿಡೀಬೇಕು ಕಣ್ಲಾ. ಹುಲ್ಲು ಉರಿಸಿ ಚರ್ಮ ಕಾಯಿಸ್ಬೇಕು, ಆಗ ಬಿಗೀತದೆ."

"ಮೊದ್ಲೇ ಹೇಳ್ಬಾರ್ದಾ ಮಾವ? ಕಂಬಳಿ ಕೊಡು ಅಂತ ಅವ್ವನ ಕೈಲಿ ಜಗಳ ಆಡ್ದೆ."

ಮಾವನೇ ಕಾಯಿಸಿಕೊಟ್ಟ. "ಇನ್ನು ಕೇಳು. ಸೀಟಿ ಊದಿದ್ ತಕ್ಷಣ ಒಳಗೆ ಇಳೀಬೇಕು."

ಕಬಡ್ಡೀಲಿ ಸೀಟಿಗೇನು ಬರವಾ? ಮುಟ್ಟಿದ್ರೆ ಸೀಟಿ, ಹಿಡಿದ್ರೆ ಸೀಟಿ, ಗೆರೆ ತುಳಿದ್ರೆ ಸೀಟಿ. ಊದಿದಾಗಲೆಲ್ಲ ಕೆಂಡಗಣ್ಣ ಒಳಗೆ, ಮಾವ ಅವನ ಪಂಚೆ ಹಿಡಿದು ಹೊರಗೆ. ಮತ್ತೆ ಸೀಟಿ, ಮತ್ತೆ ಒಳಗೆ, ಮತ್ತೆ ಪಂಚೆ. ಹಾಫ್‌ಟೈಮ್ ಬರೋ ಹೊತ್ಗೆ ಇಬ್ರಿಗೂ ಉಸಿರಿಲ್ಲ, ಪಂಚೆಗೆ ಅಂಚಿಲ್ಲ.

"ಸೀಟಿ ಮಾತು ಕೇಳಬೇಡ ಕಣ್ಲಾ, ಅದು ಊದ್ತಾನೇ ಇರ್ತದೆ. ಆಟಗಾರರೆಲ್ಲ ಹೊರಗೆ ಹೋಗ್ತಾರಲ್ಲ, ಆಗ ಇಳಿ."

"ಅಂಗೇ ಆಗ್ಲಿ ಮಾವ."

ಎರಡ್ನೇ ಪಂದ್ಯ. ಒಂದು ಕಡೆಯೋರು ಒಬ್ಬೊಬ್ರಾಗಿ ಔಟಾಗಿ ಹೊರಗೆ ಹೋದ್ರು. ಏಳೂ ಜನ ಹೊರಗೆ, ಅರ್ಧ ಅಂಗಳ ಖಾಲಿ. ಕೆಂಡಗಣ್ಣ ಇಳಿದು ನಡುಮಧ್ಯ ನಿಂತು ಬಡಿಯೋಕೆ ಶುರು. ಎಲ್ರೂ ಔಟಾದ್ರೆ ಎಲ್ರೂ ತಿರುಗಿ ಇಳಿಯೋದು ಆಟದ ನೇಮ, ಏಳೂ ಜನ ಮತ್ತೆ ಒಳಗೆ ಬಂದ್ರು, ಇವನು ಎಂಟನೆಯವನು. ಎದುರು ಕಡೆಯೋನು ಕಬಡ್ಡಿ ಕಬಡ್ಡಿ ಅಂತ ಬಂದ, ಕೈಗೆ ಸಿಕ್ಕಿದ ಇವನ್ನೇ ಮುಟ್ಟಿ ಓಡಿದ, ಪಾಯಿಂಟ್ ಕೊಡಿ ಅಂತ ಹಟ ಹಿಡಿದ.

ಅಂಪೈರ್ ಬಂದು ಕೇಳ್ದ, "ಇವನು ಯಾರ ಕಡೆಯೋನು?"

"ನನ್ ತಂಗಿ ಕಡೆಯೋನು ಸ್ವಾಮಿ, ಬಿಟ್ಬಿಡಿ," ಅಂದ ಚೆಲುವಯ್ಯ.

ಆವತ್ತು ಮನೆಬಾಗಿಲಿಗೇ ಬಂದು ಬೈದ. "ನಾಳೆ ಫೈನಲ್ಲು. ನಾಳೆ ಕೆಡಿಸಿದ್ರೆ ತಮಟೆ ಹೋಯ್ತು ಅಂತ್ಲೇ ತಿಳ್ಕೊ ಚಿಕ್ಕತಾಯಿ. ಏನ್ಲಾ, ಇಲ್ಲಿ ನೋಡು. ಸೀಟಿ ಬೇಡ, ಆಟಗಾರರ ಕಡೆ ನೋಡ್ಲೇಬೇಡ. ನನ್ನ ಕೈ ನೋಡು. ಕೈ ಬೀಸಿದ್ರೆ ಶುರು, ಕೈ ಎತ್ತಿದ್ರೆ ನಿಲ್ಸು. ಕೈ ಎತ್ತೋಗಂಟ ಬ್ರಹ್ಮನೇ ಬಂದ್ರೂ ನಿಲ್ಲಿಸ್ಬೇಡ."

"ಬ್ರಹ್ಮ ಅಂತ ಹೆಂಗೆ ಗೊತ್ತಾಗ್ತದೆ ಮಾವ?"

"ನಾಕು ತಲೆ ಇರ್ತವೆ. ಅದ್ರಲ್ಲಿ ಒಂದು ನಿಂಗೆ ಕೊಟ್ಟಿದ್ರೆ ನಾನು ಬದುಕ್ಕೊತಿದ್ದೆ."

ಚಿಕ್ಕತಾಯಿ ಅನ್ನ ಮುಟ್ಟಲಿಲ್ಲ.

ಫೈನಲ್ಲಿನ ದಿನ ಮೈದಾನದಲ್ಲಿ ಕಾಲಿಡಾಕೆ ಜಾಗ ಇಲ್ಲ. ಗೋಡೆ ಮೇಲೆ ಜನ, ಮರದ ಮೇಲೆ ಜನ. ಚಿಕ್ಕತಾಯಿ ಮೆಟ್ಟಿಲ ಮೇಲೆ ಸೆರಗು ಬಾಯಿಗಿಟ್ಕೊಂಡು ಕೂತಿದ್ಳು. ಹಾಫ್‌ಟೈಮ್ ಆಯ್ತು, ಮೇಳ ಇಳೀತು, ಮಾವ ಕೈ ಬೀಸಿದ.

ನೀವು ಹಾಫ್‌ಟೈಮ್ ಎಷ್ಟೋ ನೋಡಿರ್ತೀರ. ಟೀವೀಲಿ ದೀಪ, ಹೊಗೆ, ಕುಣಿಯೋರು, ಎಲ್ಲ ನೋಡಿರ್ತೀರ. ಇದನ್ನ ನೋಡಿಲ್ಲ. ಕೆಂಡಗಣ್ಣನ ಕೋಲು ಚರ್ಮಕ್ಕೆ ಬಿತ್ತು ನೋಡಿ, ಕಡಲೆಕಾಯಿ ಮಾರೋನ ಕೈ ಪೊಟ್ಟಣದಲ್ಲೇ ನಿಂತೋಯ್ತು. ಅಳೋ ಕೂಸು ಬಾಯಿ ಮುಚ್ತು. ಮೇಳದೋರು ಒಬ್ಬೊಬ್ರಾಗಿ ತಮ್ಮ ತಮಟೆ ಇಳಿಸಿ ಕೇಳ್ತಾ ನಿಂತ್ರು. ಚಿಕ್ಕತಾಯಿ ಕಣ್ಣು ಮುಚ್ಚಿದ್ಳು. ಸತ್ತ ಗಂಡ ಎದುರಿಗೆ ನಿಂತು ಬಡೀತಿದ್ದ.

ಚೆಲುವಯ್ಯ ಎರಡೂ ಕೈ ಎದೆಗೊತ್ತಿಕೊಂಡು ನಿಂತ. ಎತ್ತೋದು ಮರೆತ.

ಹಾಫ್‌ಟೈಮ್ ಮುಗೀತು. ಸೀಟಿ ಆಯ್ತು. ಸೀಟಿ ಮಾತು ಕೇಳಬೇಡ ಅಂದಿದ್ದ ಮಾವ, ಕೆಂಡಗಣ್ಣ ಕೇಳಲಿಲ್ಲ. ಆಟಗಾರರು ಬಂದ್ರು. ನೋಡಬೇಡ ಅಂದಿದ್ದ, ನೋಡಲಿಲ್ಲ. ಅಂಪೈರ್ ಬಂದು ಕಿವೀಲೇ ಊದಿದ. ತಲೆ ಒಂದೇ ಇತ್ತು, ಬ್ರಹ್ಮನೂ ಅಲ್ಲ. ಕೊನೆಗೆ ಅಂಪೈರೇ ಸಾಕಾಗಿ ಅವನ್ನ ಗೆರೆಯಾಚೆ ತಳ್ಳಿ ಆಟ ಶುರು ಮಾಡ್ಸಿದ. ಇವನು ಅಲ್ಲೂ ಬಡೀತಾನೇ ಇದ್ದ. ಕಬಡ್ಡಿ ಕಬಡ್ಡಿ ಅಂತ ಹೋದೋನ ಉಸಿರು ತಮಟೆ ಮೇಲೇ ಕೂತ್ಕೊಳ್ತು. ಅವನ ಕಾಲೂ ತಾಳಕ್ಕೇ ಬೀಳೋದು, ಹಿಡಿಯೋಕೆ ಬಂದೋರ ಕಾಲೂ ತಾಳಕ್ಕೇ ಬೀಳೋದು. ಮೈದಾನಕ್ಕೆ ಮೈದಾನವೇ ಒಂದು ಎದೆ ಆಗಿ ಬಡ್ಕೊಳ್ತಿತ್ತು.

ಆಗ ಚೆಲುವಯ್ಯನಿಗೆ ಎಚ್ಚರ ಆಯ್ತು. ಕಪಾಳಕ್ಕೆ ಬಿಗಿಯಾಕೆ ಅಂತ ಓಡಿಬಂದು ಕೈ ಎತ್ತಿದ.

ಕೆಂಡಗಣ್ಣ ಟಕ್ಕಂತ ನಿಲ್ಲಿಸಿದ.

ತಮಟೆ ನಿಂತದ್ದೇ ಆಟಾನೂ ನಿಂತೋಯ್ತು. ಎದುರಾಳಿ ಅಂಗಳದ ನಡುವೆ ಇದ್ದೋನು ಒಂಟಿ ಕಾಲಲ್ಲೇ ನಿಂತ, ಹಿಡಿಯೋರು ಕೈ ಚಾಚಿಕೊಂಡೇ ನಿಂತ್ರು. ಅಷ್ಟು ಜನದಲ್ಲಿ ಒಬ್ರೂ ಕೆಮ್ಮಲಿಲ್ಲ. ಆ ಮೌನದಲ್ಲಿ ಕೆಂಡಗಣ್ಣನ ಮಾತೊಂದೇ ಕೇಳಿಸ್ತು.

"ಕೈ ಇಳಿಸ್ತೀಯಾ ಮಾವ, ಇವರೆಲ್ಲ ಇಂಗೇ ನಿಂತಿರ್ಬೇಕಾ?"

ಮಾವನ ಕೈ ಇಳೀತು. ಕಪಾಳಕ್ಕಲ್ಲ, ಹೆಗಲಿಗೆ. "ಇದು ನಿಮ್ಮಪ್ಪಂದು, ಇನ್ಮೇಲೆ ನಿಂದು," ಅಂದ. "ಯಾರು ಕೇಳಿದ್ರೂ ಹೆಗಲಿಂದ ಇಳಿಸ್ಬೇಡ."

ಅಷ್ಟು ಸಾಕಲ್ಲ ನಮ್ಮ ಕೆಂಡಗಣ್ಣನಿಗೆ. ತಮಟೆ ಹೆಗಲಲ್ಲೇ ಉಂಡ, ಹೆಗಲಲ್ಲೇ ಮಲಗಿದ. ಬೆಳಗ್ಗೆ ಚಿಕ್ಕತಾಯಿ ಬೆವರಿನ ಅಂಗಿ ಒಗೆಯಾಕೆ ಬಿಚ್ಚು ಅಂದ್ಳು. ತಮಟೆ ಇಳಿಸದೆ ಅಂಗಿ ಬಿಚ್ಚೋದೆಂಗೆ? ಕೇಳಿದ್ರೆ, "ಇಳಿಸಂಗಿಲ್ಲ ಕಣವ್ವ" ಅಂದ.

ಇಳಿಸೋ ಪೆದ್ದೇ ಅನ್ನೋಕೆ ಬಾಯಿ ತೆಗೆದ್ಳು ಚಿಕ್ಕತಾಯಿ. ಮಗನ ಹೆಗಲ ಮೇಲಿದ್ದ, ಗಂಡನ ತಮಟೆಯ ಆ ಹಳೇ ಪಟ್ಟಿ ನೋಡಿದ್ಳು. ಬಾಯಿ ಮುಚ್ಕೊಂಡು ಒಳಗೆ ಹೋಗಿ ಕತ್ತರಿ ತಂದು, ಇದ್ದ ಒಂದು ಒಳ್ಳೇ ಅಂಗೀನ ಹೆಗಲ ಹತ್ರ ಕತ್ತರಿಸಿ ಬಿಚ್ಚಿಕೊಂಡ್ಳು.